ಏಳು ಮೂಟೆ ಗಾಳಿಯ ಭಾರ: ಚರ್ಮದ ಒರೆಗೆ ಆಕಾರ ಕೊಡುವ ನಿರ್ವಾತ ಯಂತ್ರ

ಎರಡು ವರ್ಷಗಳ ಹಿಂದಿನ ಮಾತು. ಮುಂಬಯಿಯ ಉಪನಗರದಲ್ಲಿರುವ ನಮ್ಮ ಸಂಘದ ಕಚೇರಿಯಲ್ಲಿ ಕಾರ್ಯಕಾರಿ ಸಮಿತಿಯ ಸಭೆ ನಡೆದಿತ್ತು. ತಡವಾಗಿ ಬಂದ ಹಿರಿಯ ಸದಸ್ಯರೊಬ್ಬರು ಬಾಗಿಲ ಬಳಿ ಚಪ್ಪಲಿ ಕಳಚಲು ಬಾಗಿದಾಗ ಅವರ ಸೊಂಟದಿಂದ ಏನೋ ಜಾರಿ ನೆಲದ ಮೇಲೆ ಠಣ್ ಎಂದು ಬಿತ್ತು. ನೋಡಿದರೆ ರಿವಾಲ್ವರ್! ಹೊಟೇಲ್ ಉದ್ಯಮಿಯಾಗಿರುವ ಅವರು ದಿನವೂ ನಗದು ಒಯ್ಯಬೇಕಾದ ಕಾರಣ ಪರವಾನಗಿ ಪಡೆದೇ ಅದನ್ನು ಇಟ್ಟುಕೊಂಡಿದ್ದರು. ಗುಂಡು ಹಾರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನ ಸಭೆಯ ಕಾರ್ಯಸೂಚಿ ಯಾರಿಗೂ ನೆನಪಿಲ್ಲ. ಆ ಸದ್ದು ಮಾತ್ರ ಎಲ್ಲರಿಗೂ ನೆನಪಿದೆ.

ತಪ್ಪು ಆಯುಧದ್ದಾಗಿರಲಿಲ್ಲ, ಅದನ್ನು ಹಿಡಿದಿಡಬೇಕಾಗಿದ್ದ ಒರೆಯದ್ದಾಗಿತ್ತು. ಯಾವ ರಿವಾಲ್ವರಿಗಾದರೂ ಸರಿಹೊಂದುತ್ತದೆ ಎಂದು ಹೇಳಿ ಮಾರಿದ್ದ ಮೆತ್ತನೆಯ ಚೀಲವದು. ಎಲ್ಲದಕ್ಕೂ ಸರಿಹೊಂದುವುದು ಯಾವುದಕ್ಕೂ ಸರಿಹೊಂದುವುದಿಲ್ಲ ಎಂಬ ಪಾಠ ಅಂದು ನಮಗಾಯಿತು. 2016ರ ಶಸ್ತ್ರಾಸ್ತ್ರ ನಿಯಮಾವಳಿಯ ಪ್ರಕಾರ ಕೈಬಂದೂಕನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವವರು ಅದನ್ನು ಒರೆಯಲ್ಲಿಟ್ಟು, ಪೂರ್ತಿ ಮುಚ್ಚಿಕೊಂಡೇ ಒಯ್ಯಬೇಕು. ಅದು ಸದಾ ತಮ್ಮ ಹತೋಟಿಯಲ್ಲಿಯೂ ಇರಬೇಕು. ಒರೆಯೇ ಸಡಿಲವಾದರೆ ಹತೋಟಿ ಎಲ್ಲಿಂದ ಬರಬೇಕು?

ಸಭೆಯಲ್ಲಿದ್ದ ಇನ್ನೊಬ್ಬ ಸದಸ್ಯರು ಎ.ಸಿ. ಮತ್ತು ಫ್ರಿಜ್ ರಿಪೇರಿಯ ವೃತ್ತಿಯವರು. ಅಮೆರಿಕದ ಒರೆ ತಯಾರಕರು ನಿರ್ವಾತ ಯಂತ್ರದಿಂದ, ಅಂದರೆ ವ್ಯಾಕ್ಯೂಮ್ ಪ್ರೆಸ್‌ನಿಂದ, ಚರ್ಮವನ್ನು ಆಯುಧದ ಮೈಗೆ ಅಂಟಿಸಿದಂತೆ ಅಚ್ಚೊತ್ತುತ್ತಾರೆಂದೂ, ಅದಕ್ಕೆ ಬೇಕಾದ ಪಂಪು ತಮ್ಮ ಬಳಿಯೇ ಇದೆಯೆಂದೂ ಅವರು ಹೇಳಿದರು. ನಾವು ಮೂವರೂ ಸೇರಿ ಮಾಡಿದ ಪ್ರಯತ್ನ, ಅದರಲ್ಲಿ ಪಟ್ಟ ಪಾಡು, ಕಲಿತ ವಿಷಯ ಇವನ್ನು ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಒರೆಯ ಹಿಂದಿನ ಕತೆ

ಒರೆಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ಬ್ರಿಟಿಷ್ ಸೇನೆಯ ಸ್ಯಾಮ್ ಬ್ರೌನ್ ಎಂಬ ಅಧಿಕಾರಿ 1858ರಲ್ಲಿ ಉತ್ತರ ಭಾರತದ ಪೀಲಿಭೀತ್ ಬಳಿಯ ಕಾಳಗದಲ್ಲಿ ಎಡಗೈ ಕಳೆದುಕೊಂಡರು. ಒಂದೇ ಕೈಯಿದ್ದವನು ಒರೆಯನ್ನು ಹಿಡಿಯುವುದೋ, ಕತ್ತಿಯನ್ನು ಎಳೆಯುವುದೋ? ಸೊಂಟದ ಪಟ್ಟಿಗೆ ಭುಜದ ಮೇಲಿಂದ ಇನ್ನೊಂದು ಪಟ್ಟಿ ಕೂಡಿಸಿ, ಒರೆ ಅಲುಗಾಡದಂತೆ ಮಾಡಿಕೊಂಡ ಅವರ ಉಪಾಯವೇ ಮುಂದೆ ಜಗತ್ತಿನ ಹಲವು ಸೇನೆ ಹಾಗೂ ಪೊಲೀಸ್ ಪಡೆಗಳಲ್ಲಿ ಸ್ಯಾಮ್ ಬ್ರೌನ್ ಬೆಲ್ಟ್ ಎಂದು ಹೆಸರಾಯಿತು. ಆಯುಧ ಎಷ್ಟು ಮುಖ್ಯವೋ ಅದನ್ನು ಹಿಡಿದಿಡುವ ಚರ್ಮವೂ ಅಷ್ಟೇ ಮುಖ್ಯ ಎಂಬುದನ್ನು ಕೈ ಕಳೆದುಕೊಂಡವರೇ ತೋರಿಸಿಕೊಟ್ಟರೆಂಬುದು ಗಮನಾರ್ಹ.

ಒಂದೊಂದು ಮಾದರಿಯ ಬಂದೂಕಿಗೂ ಪ್ರತ್ಯೇಕವಾಗಿ, ಅದರ ಉಬ್ಬುತಗ್ಗುಗಳೆಲ್ಲ ಚರ್ಮದಲ್ಲಿ ಮೂಡುವಂತೆ ಒರೆ ಮಾಡುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1950ರ ದಶಕದಲ್ಲಿ ನ್ಯೂಯಾರ್ಕಿನ ಚಿಕ್ ಗೇಲಾರ್ಡ್ ಇದರಲ್ಲಿ ಹೆಸರು ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾನ್ ಬಿಯಾಂಚಿ ಅದೇ ಕೆಲಸವನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಒದ್ದೆ ಚರ್ಮವನ್ನು ಮೂಳೆಯ ಅಥವಾ ಮರದ ನುಣುಪಾದ ಕಡ್ಡಿಯಿಂದ ತಿಕ್ಕಿ ತಿಕ್ಕಿ ಆಕಾರ ಮೂಡಿಸುವುದು ಹಳೆಯ ಕ್ರಮ. ಕೆಲಸ ಹೆಚ್ಚಾದಂತೆ ಕೈಗೆ ಬಿಡುವು ಕೊಡಲು ಹೈಡ್ರಾಲಿಕ್ ಪ್ರೆಸ್ ಬಂತು. ಪೀಠೋಪಕರಣಗಳಿಗೆ ತೆಳು ಮರದ ಹಾಳೆ ಅಂಟಿಸಲು ಬಡಗಿಗಳು ಬಳಸುತ್ತಿದ್ದ ನಿರ್ವಾತದ ಚೀಲವೂ ಚರ್ಮದ ಕೆಲಸಕ್ಕೆ ಬಂತು.

ಒತ್ತುವುದು ಯಂತ್ರವಲ್ಲ, ಗಾಳಿ

ಈ ಯಂತ್ರದಲ್ಲಿ ಯಂತ್ರ ಎನ್ನುವಂಥದ್ದು ಬಹಳ ಕಡಿಮೆ. ಒಂದು ಮರದ ಪೆಟ್ಟಿಗೆ, ಅದರ ಮೇಲೆ ರಂಧ್ರಗಳಿರುವ ಹಲಗೆ, ಹಲಗೆಯ ಮೇಲೆ ಒದ್ದೆ ಚರ್ಮ, ಎಲ್ಲವನ್ನೂ ಮುಚ್ಚುವ ರಬ್ಬರ್ ಹಾಳೆ, ಒಳಗಿನ ಗಾಳಿಯನ್ನು ಹೀರುವ ಒಂದು ಪಂಪು. ಇಷ್ಟೇ. ಪಂಪು ಚರ್ಮವನ್ನು ಎಳೆಯುತ್ತದೆ ಎಂದು ನಾವೆಲ್ಲ ಭಾವಿಸಿದ್ದೆವು. ಹಾಗಲ್ಲ. ಪಂಪು ಒಳಗಿನ ಗಾಳಿಯನ್ನು ತೆಗೆದಾಗ ಹೊರಗಿನ ಗಾಳಿಯ ಭಾರ ರಬ್ಬರನ್ನು ಚರ್ಮದ ಮೇಲೆ ಒತ್ತುತ್ತದೆ. 1657ರಲ್ಲಿ ಜರ್ಮನಿಯ ಮಾಗ್ಡೆಬರ್ಗ್ ನಗರದಲ್ಲಿ ಓಟೋ ಫಾನ್ ಗೆರಿಕೆ ಎರಡು ಲೋಹದ ಅರೆಗೋಳಗಳನ್ನು ಜೋಡಿಸಿ ಒಳಗಿನ ಗಾಳಿಯನ್ನು ತೆಗೆದು, ಹದಿನಾರು ಕುದುರೆಗಳಿಂದ ಎಳೆಸಿ ತೋರಿಸಿದ್ದು ಇದೇ ಶಕ್ತಿಯನ್ನು.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ ಒಂದು ಕಿಲೋಗಿಂತ ತುಸು ಹೆಚ್ಚು. 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಚರ್ಮವಾದರೆ 400 ಚದರ ಸೆಂಟಿಮೀಟರ್ ಆಯಿತು. ಪೂರ್ಣ ನಿರ್ವಾತದಲ್ಲಿ ಸುಮಾರು 410 ಕಿಲೋ ಭಾರ. ಪಂಪಿನ ಮಾಪಕದಲ್ಲಿ ಪೂರ್ಣ ನಿರ್ವಾತವೆಂದರೆ ಸುಮಾರು 30 ಇಂಚು. ನಮ್ಮ ಪೆಟ್ಟಿಗೆಯಲ್ಲಿ ಅದು 25 ಇಂಚು ತೋರಿಸುತ್ತಿತ್ತು. ಅಂದರೆ 345 ಕಿಲೋ ಸಮೀಪ. 50 ಕಿಲೋದ ಏಳು ಅಕ್ಕಿ ಮೂಟೆಗಳನ್ನು ಆ ತುಂಡು ಚರ್ಮದ ಮೇಲೆ ಹೇರಿದಂತೆ!

ಇದರಲ್ಲಿ ಊರಿನ ಎತ್ತರದ ಲೆಕ್ಕವೂ ಇದೆ. ಮುಂಬಯಿ ಇರುವುದು ಕಡಲ ದಂಡೆಯಲ್ಲಿ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಭಾರ ಶೇಕಡಾ ಹತ್ತರಷ್ಟು ಕಡಿಮೆ. ಅದೇ ಪೆಟ್ಟಿಗೆ, ಅದೇ ಪಂಪು ಅಲ್ಲಿಗೆ ಒಯ್ದರೆ ಏಳು ಮೂಟೆಯಲ್ಲಿ ಮುಕ್ಕಾಲು ಮೂಟೆಯಷ್ಟು ಇಳಿದೀತು. ಈ ಒಂದು ವಿಷಯದಲ್ಲಾದರೂ ಮುಂಬಯಿ ಕನ್ನಡಿಗರಿಗೆ ಹೆಚ್ಚಿನ ಸೌಲಭ್ಯವಿದೆ ಎಂದು ನಾವು ನಕ್ಕದ್ದುಂಟು.

ಹಾಗೆಂದು ಇದು ಭಾರೀ ಒತ್ತಡವೇನಲ್ಲ. ಇಪ್ಪತ್ತು ಟನ್ನಿನ ಹೈಡ್ರಾಲಿಕ್ ಪ್ರೆಸ್ ಅಷ್ಟೇ ಚರ್ಮದ ಮೇಲೆ ಐವತ್ತು ಪಟ್ಟು ಹೆಚ್ಚು ಒತ್ತಬಲ್ಲದು. ಆದರೆ ಅದು ಒತ್ತುವುದು ಮೇಲಿನಿಂದ ಕೆಳಕ್ಕೆ. ಗಾಳಿಯಾದರೋ ಮೇಲಿನಿಂದ, ಪಕ್ಕದಿಂದ, ಮೂಲೆಯಿಂದ ಒಂದೇ ಸಮನಾಗಿ ಒತ್ತುತ್ತದೆ. ಚರ್ಮದ ನಾರು ಜಜ್ಜಿ ಹೋಗುವ ಭಯವಿಲ್ಲ. ನಿರ್ವಾತದ ಗುಣವೂ ಅದೇ, ಮಿತಿಯೂ ಅದೇ. ಒಟ್ಟು ಆಕಾರ ಚೆನ್ನಾಗಿ ಮೂಡುತ್ತದೆ, ಸೂಕ್ಷ್ಮ ಗೆರೆಗಳು ಮೂಡುವುದಿಲ್ಲ.

ಮೊದಲ ಸೋಲು: ಚರ್ಮ

ಚರ್ಮಕ್ಕಾಗಿ ನಾವು ಹೋದದ್ದು ಧಾರಾವಿಗೆ. ಅಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆಯಿರುವುದು ನಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಆ ಹೆಸರು ಹನ್ನೆರಡನೆಯ ಶತಮಾನದ ನಮ್ಮ ಶರಣ ಡೋಹರ ಕಕ್ಕಯ್ಯನವರದೇ. ಚರ್ಮ ಹದ ಮಾಡುವುದೇ ಅವರ ಕಾಯಕವಾಗಿತ್ತು. ಬಸವಣ್ಣನವರ ಒಡನಾಡಿಯಾಗಿದ್ದ ವಚನಕಾರರೊಬ್ಬರ ಹೆಸರು ಮುಂಬಯಿಯ ಚರ್ಮದ ಪೇಟೆಯ ರಸ್ತೆಗೆ ಇರುವುದು ಹೊರನಾಡ ಕನ್ನಡಿಗರಾದ ನಮಗೆ ಹೆಮ್ಮೆಯ ವಿಷಯ. ಮಹಾರಾಷ್ಟ್ರದ ಢೋರ ಸಮಾಜದವರು ಇಂದಿಗೂ ಅವರನ್ನು ಭಕ್ತಿಯಿಂದ ನೆನೆಯುತ್ತಾರೆ.

ಧಾರಾವಿಯಲ್ಲಿ ಹದ ಮಾಡುವ ಕೆಲಸ ಬಹುಮಟ್ಟಿಗೆ ನಿಂತು ಹೋಗಿ, ಸಿದ್ಧ ಚರ್ಮದಿಂದ ಪರ್ಸು, ಬೆಲ್ಟು, ಚೀಲ ಮಾಡುವ ಕೆಲಸ ಉಳಿದುಕೊಂಡಿದೆ. ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ, ಮೆತ್ತಗಿನ ಕಪ್ಪು ಚರ್ಮವನ್ನು ಕೊಂಡು ತಂದೆವು. ನೆನೆಸಿ, ಪೆಟ್ಟಿಗೆಯಲ್ಲಿಟ್ಟು, ಪಂಪು ಹಚ್ಚಿದೆವು. ಹೊರತೆಗೆದಾಗ ಆಕಾರ ಬಂದಂತೆಯೇ ಕಂಡಿತು. ಮರುದಿನ ನೋಡಿದರೆ ಚರ್ಮ ಮತ್ತೆ ಮೊದಲಿನಂತೆ ಮೆತ್ತಗೆ ಬಿದ್ದುಕೊಂಡಿತ್ತು.

ಕಾರಣವನ್ನು ತಿಳಿಸಿಕೊಟ್ಟವರು ಅದೇ ಪೇಟೆಯ ಒಬ್ಬ ವೃದ್ಧ ಕುಶಲಕರ್ಮಿ. ನಾವು ತಂದದ್ದು ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ. ಇಂದು ಪೇಟೆಯಲ್ಲಿ ಬಹುಪಾಲು ಸಿಗುವುದು ಅದೇ. ಅದು ಮೆತ್ತಗೆ, ಬಾಳಿಕೆಯದು, ಆದರೆ ಕೊಟ್ಟ ಆಕಾರವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅಚ್ಚೊತ್ತಲು ಬೇಕಾದದ್ದು ಜಾಲಿಯ ತೊಗಟೆ, ಅಳಲೆಕಾಯಿ, ತಂಗಡಿ ತೊಗಟೆಗಳಂಥ ಸಸ್ಯದ ಒಗರಿನಿಂದ ಹದ ಮಾಡಿದ ಚರ್ಮ. ಅದರ ನಾರುಗಳು ಒದ್ದೆಯಾದಾಗ ಸಡಿಲಗೊಂಡು ಹೇಳಿದಂತೆ ಬಾಗುತ್ತವೆ, ಒಣಗಿದಾಗ ಬಾಗಿದಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತವೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಭೌಗೋಳಿಕ ಸೂಚಕದ ಹಕ್ಕಿರುವ ಕೊಲ್ಹಾಪುರಿ ಚಪ್ಪಲಿ ಮಾಡುವುದೂ ಇಂಥ ಚರ್ಮದಿಂದಲೇ. ಹೊಸ ಚಪ್ಪಲಿ ಕೆಲವು ದಿನ ಕಚ್ಚಿ, ಆಮೇಲೆ ನಮ್ಮ ಪಾದದ ಅಚ್ಚನ್ನೇ ಪಡೆಯುವುದನ್ನು ಯಾರು ತಾನೇ ಕಂಡಿಲ್ಲ? ವರ್ಷಾನುಗಟ್ಟಲೆ ಮೈಭಾರ ಮಾಡುವ ಕೆಲಸವನ್ನು ಪಂಪು ಕಾಲು ಗಂಟೆಯಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಒರೆಗೆ ಮೂರು ಮಿಲಿಮೀಟರಿನ ಆಸುಪಾಸಿನ ದಪ್ಪ ಸಾಕು. ಬೆನ್ನಿನ ಭಾಗದ ಚರ್ಮ ಒಳ್ಳೆಯದು. ಹೊಟ್ಟೆಯ ಭಾಗ ಹಿಗ್ಗುತ್ತದೆ, ನಿಲ್ಲುವುದಿಲ್ಲ.

ಎರಡನೆಯ ಸೋಲು: ನೀರು

ಎರಡನೆಯ ಸಲ ಸರಿಯಾದ ಚರ್ಮವೇ ಸಿಕ್ಕಿತು. ಎರಡು ತುಂಡುಗಳನ್ನು ಕತ್ತರಿಸಿ, ಮೇಣ ಹಚ್ಚಿದ ದಾರದಿಂದ ಎರಡೂ ಅಂಚುಗಳನ್ನು ಹೊಲಿದೆವು. ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡು ಬದಿಯಿಂದ ಹಾಯಿಸುವ ಜೀನಿನ ಹೊಲಿಗೆ ಇದು. ಒಂದು ಕಡೆ ದಾರ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ಈ ಉತ್ಸಾಹದಲ್ಲಿ ಚರ್ಮವನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟದ್ದೇ ತಪ್ಪಾಯಿತು. ಒಳಗಿನ ಒತ್ತಡ ಕಡಿಮೆಯಾದಂತೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಶಾಲೆಯಲ್ಲಿ ಕಲಿತ ಈ ಪಾಠ ನಮಗೆ ಮರೆತುಹೋಗಿತ್ತು. ಚರ್ಮದಿಂದೆದ್ದ ಆವಿ ನೇರವಾಗಿ ಪಂಪಿಗೆ ಹೋಗಿ, ಅದರೊಳಗಿನ ಎಣ್ಣೆ ಹಾಲಿನಂತೆ ಬೆಳ್ಳಗಾಯಿತು. ಪಂಪಿನ ಒಡೆಯರ ಮುಖವೂ ಬೆಳ್ಳಗಾಯಿತು. ಎಣ್ಣೆ ಬದಲಿಸಿ, ಪೆಟ್ಟಿಗೆಗೂ ಪಂಪಿಗೂ ನಡುವೆ ನೀರು ತಡೆಯಲು ಒಂದು ದಪ್ಪ ಗಾಜಿನ ಜಾಡಿಯನ್ನು ಕೂಡಿಸಿದ ಮೇಲೆ ಆ ತೊಂದರೆ ತಪ್ಪಿತು.

ಚರ್ಮವೂ ಕೆಟ್ಟಿತ್ತು. ಅತಿಯಾಗಿ ನೆನೆದ ಚರ್ಮ ಹಿಟ್ಟಿನಂತಾಗಿ, ರಬ್ಬರ್ ಹಾಳೆಯ ಒಂದೊಂದು ಮಡಿಕೆಯೂ ಅದರ ಮೇಲೆ ಅಳಿಸಲಾಗದ ಗೆರೆಯಾಗಿ ಮೂಡಿತ್ತು. ಉಗುರು ತಾಗಿದ ಗುರುತುಗಳೂ ಹಾಗೆಯೇ ನಿಂತವು. ಉಗುರು ಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿ ತೆಗೆದು, ಮೇಲ್ಮೈ ಮತ್ತೆ ತನ್ನ ಮೂಲ ಬಣ್ಣಕ್ಕೆ ತಿರುಗುವ ತನಕ ಕಾಯಬೇಕು. ಒಳಗೆ ತೇವ, ಹೊರಗೆ ಆರಿದಂತೆ. ರೊಟ್ಟಿಯ ಹಿಟ್ಟಿನ ಹದ ಹೇಗೆ ಕೈಗೆ ತಿಳಿಯಬೇಕೋ ಇದೂ ಹಾಗೆಯೇ. ಇದನ್ನು ತೋರಿಸುವ ಮಾಪಕ ಯಾವ ಯಂತ್ರದಲ್ಲೂ ಇಲ್ಲ.

ಅಸಲಿಯ ಬದಲು ಮರದ್ದು

ಒರೆಯೊಳಗೆ ಇಟ್ಟು ಒತ್ತಲು ಅಸಲಿ ರಿವಾಲ್ವರನ್ನು ನಾವು ಬಳಸಲಿಲ್ಲ. ಪರವಾನಗಿ ಇಲ್ಲದವರ ಕೈಗೆ ಅದನ್ನು ಕೊಡುವುದು ಕಾನೂನಿಗೆ ವಿರುದ್ಧ. ಅಲ್ಲದೆ ಒದ್ದೆ ಚರ್ಮದಲ್ಲಿ ಉಕ್ಕು ಇಟ್ಟರೆ ಉಕ್ಕಿಗೆ ತುಕ್ಕು, ಚರ್ಮಕ್ಕೆ ಮಸಿ. ಅಳಲೆಕಾಯಿ ಮತ್ತು ಅನ್ನಭೇದಿ ಕೂಡಿಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಚರ್ಮದ ಒಗರು ಮತ್ತು ಕಬ್ಬಿಣ ಸೇರಿದಾಗ ಆಗುವುದೂ ಅದೇ ಕಪ್ಪು. ಅಮೆರಿಕದ ತಯಾರಕರು ಪ್ಲಾಸ್ಟಿಕ್ಕಿನ ಗಟ್ಟಿ ನಕಲುಗಳನ್ನು ಬಳಸುತ್ತಾರೆ. ನಾವು ಯಜಮಾನರ ಮನೆಯಲ್ಲಿ ಅವರ ಎದುರಿನಲ್ಲಿಯೇ, ಖಾಲಿ ಮಾಡಿದ ರಿವಾಲ್ವರಿನ ಅಳತೆ ತೆಗೆದುಕೊಂಡು ಸಾಗುವಾನಿಯಲ್ಲಿ ನಕಲು ಕೆತ್ತಿಸಿದೆವು. ನೀರು ಹೀರದಂತೆ ವಾರ್ನಿಶ್ ಬಳಿದೆವು. ನಳಿಗೆಯ ತುದಿಯಲ್ಲಿರುವ ಗುರಿಯ ಮೊನೆ ಹೊರತೆಗೆಯುವಾಗ ಚರ್ಮಕ್ಕೆ ಸಿಕ್ಕಿಕೊಳ್ಳಬಾರದೆಂದು, ಆ ಮೊನೆಯ ಸಾಲಿನಲ್ಲಿ ಉದ್ದಕ್ಕೂ ತೆಳ್ಳಗಿನ ಒಂದು ಕಡ್ಡಿ ಅಂಟಿಸಿದೆವು. ಒತ್ತಿದ ಮೇಲೆ ಅಲ್ಲೊಂದು ಕಾಲುವೆ ಉಳಿಯುತ್ತದೆ.

ಮೂರನೆಯ ಸಲ ಎಲ್ಲವೂ ಸರಿಯಾಯಿತು. ಒರೆಯ ಕೆಳಗೆ ಗಾಳಿ ಹರಿಯಲು ಜಾಲರಿ, ಮೇಲೆ ಮಡಿಕೆಯಿಲ್ಲದಂತೆ ಬಿಗಿದ ರಬ್ಬರ್ ಹಾಳೆ. ಪಂಪು ಚಾಲೂ ಆದ ಒಂದೆರಡು ನಿಮಿಷಗಳಲ್ಲಿ ರಬ್ಬರಿನ ಕೆಳಗೆ ರಿವಾಲ್ವರಿನ ಆಕಾರ ಮೆಲ್ಲನೆ ಎದ್ದುಬಂತು. ಹದಿನೈದು ನಿಮಿಷ ಹಾಗೆಯೇ ಬಿಟ್ಟೆವು.

ಉಳಿದ ಕೆಲಸ ಕೈಯದು

ಪೆಟ್ಟಿಗೆಯಿಂದ ತೆಗೆದ ಒರೆಯನ್ನು, ಒಳಗಿನ ಮರದ ನಕಲಿನ ಸಮೇತ, ಧಾರಾವಿಯ ಆ ವೃದ್ಧರ ಬಳಿಗೆ ಟ್ಯಾಕ್ಸಿಯಲ್ಲಿ ಒಯ್ದೆವು. ಅವರು ಅದನ್ನು ತಿರುಗಿಸಿ ನೋಡಿ, ಆಕಾರ ಬಂದಿದೆ, ಹಿಡಿತ ಬಂದಿಲ್ಲ ಎಂಬರ್ಥದಲ್ಲಿ ತಲೆಯಾಡಿಸಿದರು. ನಂತರ ತಮ್ಮ ಹಳೆಯ ಮೂಳೆಯ ಕಡ್ಡಿಯಿಂದ ಕುದುರೆಯನ್ನು, ಅಂದರೆ ಟ್ರಿಗರನ್ನು, ಬಳಸಿ ಬರುವ ಬಳೆಯ ಸುತ್ತಲೂ, ಗುಂಡಿನ ಉರುಳೆಯ ಮುಂದಿನ ತಗ್ಗಿನಲ್ಲೂ ಹತ್ತು ನಿಮಿಷ ಒತ್ತಿ ತಿಕ್ಕಿದರು. ಯಂತ್ರ ಮಸುಕಾಗಿ ಬಿಟ್ಟಿದ್ದ ಗೆರೆಗಳು ಸ್ಪಷ್ಟವಾದವು. ಆಯುಧವನ್ನು ನಿಜವಾಗಿ ಹಿಡಿದಿಡುವುದು ಆ ಎರಡು ತಗ್ಗುಗಳೇ. ಏಳು ಮೂಟೆಯ ಭಾರ ಮಾಡಲಾಗದ್ದನ್ನು ಎರಡು ಬೆರಳುಗಳು ಮಾಡಿದವು.

ಹಾಗಾದರೆ ಯಂತ್ರ ಏತಕ್ಕೆ ಎಂದು ಕೇಳಬಹುದು. ದಪ್ಪ ಚರ್ಮವನ್ನು ಮೊದಲಿಂದ ಕೊನೆಯವರೆಗೆ ಕೈಯಿಂದಲೇ ಬಗ್ಗಿಸುವುದು ಹೆಬ್ಬೆರಳಿನ ಗೆಣ್ಣುಗಳನ್ನು ತಿನ್ನುವ ಕೆಲಸ. ಆ ವೃದ್ಧರ ಗೆಣ್ಣುಗಳು ಅದಕ್ಕೆ ಸಾಕ್ಷಿಯಾಗಿದ್ದವು. ಕೈಯ ಶ್ರಮದ ಬಹುಭಾಗವನ್ನು ಗಾಳಿಗೆ ಹೊರಿಸಿ, ಕೈಯ ಜಾಣ್ಮೆಯನ್ನು ಮಾತ್ರ ಕೈಗೆ ಉಳಿಸಿದರೆ ಎಪ್ಪತ್ತರ ವಯಸ್ಸಿನಲ್ಲೂ ಕೆಲಸ ಮಾಡಬಹುದು. ಯಂತ್ರದ ಲಾಭ ಇದು.

ಒಣಗಿಸುವುದರಲ್ಲೂ ಆತುರ ಸಲ್ಲದು. ಸಸ್ಯದ ಹದದ ಒದ್ದೆ ಚರ್ಮ ಹೆಚ್ಚು ಬಿಸಿಯನ್ನು ತಾಳದೆ ಕುಗ್ಗಿ ಸುಕ್ಕಾಗುತ್ತದೆ. 50 ಡಿಗ್ರಿ ದಾಟದಂತೆ, ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಣಗಿಸುವುದು ಕ್ಷೇಮ. ಬೇಸಿಗೆಯಲ್ಲಿ ಒಂದು ದಿನ ಸಾಕು. ಮುಂಬಯಿ ಮಳೆಗಾಲದಲ್ಲಿ ನಮಗೆ ನಾಲ್ಕು ದಿನ ಹಿಡಿಯಿತು, ಬೂಸ್ಟು ಹಿಡಿಯದಂತೆ ಕಾವಲು ಕಾಯಬೇಕಾಯಿತು. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ, ಅಂಚುಗಳಿಗೆ ಜೇನುಮೇಣ. ಎಣ್ಣೆ ಹೆಚ್ಚಾದರೆ ಚರ್ಮ ಮತ್ತೆ ಮೆತ್ತಗಾಗಿ ಮಾಡಿದ ಕೆಲಸವೆಲ್ಲ ವ್ಯರ್ಥ.

ಒರೆಯ ಪರೀಕ್ಷೆ

ಒರೆ ಬಳಸುವವರು ಗಮನಿಸಬೇಕಾದ ನಾಲ್ಕು ಮಾತುಗಳನ್ನು ಇಲ್ಲಿ ಹೇಳುವುದು ಅವಶ್ಯ. ಟ್ರಿಗರಿನ ಸುತ್ತಲಿನ ಬಳೆ ಪೂರ್ತಿಯಾಗಿ ಚರ್ಮದೊಳಗೆ ಮುಚ್ಚಿರಬೇಕು. ಖಾಲಿ ಆಯುಧವನ್ನು ಒರೆಯಲ್ಲಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲುಗಿಸಿದರೂ ಅದು ಜಾರಬಾರದು. ಆಯುಧವನ್ನು ತೆಗೆದ ಮೇಲೂ ಒರೆಯ ಬಾಯಿ ತೆರೆದೇ ನಿಂತಿರಬೇಕು, ಒಳಕ್ಕೆ ಮಡಚಿದ ಚರ್ಮ ಟ್ರಿಗರಿಗೆ ಸಿಕ್ಕಿ ಗುಂಡು ಹಾರುವ ಅಪಾಯವಿದೆ. ಮಳೆಗಾಲದಲ್ಲಿ ಆಯುಧವನ್ನು ಚರ್ಮದೊಳಗೇ ತಿಂಗಳುಗಟ್ಟಲೆ ಬಿಡಬಾರದು, ಚರ್ಮ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಹಳತಾಗಿ ಮೆತ್ತಗಾದ ಒರೆಯನ್ನು ಎಷ್ಟೇ ಪ್ರೀತಿಯದಾದರೂ ಬಿಡುವುದೇ ಲೇಸು.

ಇಂದು ಒರೆಗಳಿಗೆ ಪ್ಲಾಸ್ಟಿಕ್ ಬಂದಿದೆ. 1965ರಲ್ಲಿ ವಿಮಾನದ ಒಳಭಾಗಗಳಿಗಾಗಿ ತಯಾರಾದ ಕೈಡೆಕ್ಸ್ ಎಂಬ ಹಾಳೆಯನ್ನು ಬಿಸಿ ಮಾಡಿ, ಒತ್ತಿ ಒರೆ ಮಾಡುತ್ತಾರೆ. ಅದಕ್ಕೆ ಮಳೆಯ ಭಯವಿಲ್ಲ. ಆದರೂ ಮೈಗೆ ಒತ್ತದ, ಸದ್ದು ಮಾಡದ ಚರ್ಮವನ್ನೇ ಬಯಸುವವರಿದ್ದಾರೆ.

ನಮ್ಮ ಹೊಟೇಲ್ ಉದ್ಯಮಿಗಳು ಈಗ ಆ ಹೊಸ ಒರೆಯನ್ನೇ ಧರಿಸುತ್ತಾರೆ. ಅದನ್ನು ಕಟ್ಟಿಕೊಂಡು ಅವರು ಮೊದಲ ಸಲ ಸಂಘಕ್ಕೆ ಬಂದು ಚಪ್ಪಲಿ ಕಳಚಲು ಬಾಗಿದಾಗ ಒಳಗಿದ್ದ ನಾವೆಲ್ಲ ಮಾತು ನಿಲ್ಲಿಸಿ ಕಾದೆವು. ಏನೂ ಬೀಳಲಿಲ್ಲ.

ಪೆಟ್ಟಿಗೆ ಮಾತ್ರ ನಮ್ಮ ಬಳಿ ಇಲ್ಲ. ಒರೆಯನ್ನು ಕೈಗೆ ಕೊಡುವಾಗ ಆ ವೃದ್ಧರು ಮಜೂರಿ ಬೇಡವೆಂದು, ಪೆಟ್ಟಿಗೆಯನ್ನು ಕೆಲವು ದಿನ ಬಿಟ್ಟುಹೋಗಬಹುದೇ ಎಂದು ಕೇಳಿದರು. ಕನ್ನಡಕದ ಡಬ್ಬಿ, ಚಾಕುವಿನ ಒರೆ, ಮೊಬೈಲಿನ ಕವಚ ಎಲ್ಲವನ್ನೂ ಅದೇ ರೀತಿಯಲ್ಲಿ ಒತ್ತಬಹುದು ಎಂಬುದು ಅವರಿಗೆ ಆಗಲೇ ಹೊಳೆದಿತ್ತು. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ಪಂಪಾಗಿ ಮಾಡಿ ನಮ್ಮ ಮೆಕ್ಯಾನಿಕ್ ಸದಸ್ಯರು ಅಲ್ಲಿ ಜೋಡಿಸಿಕೊಟ್ಟಿದ್ದಾರೆ. ಹೊಸ ಪಂಪಾದರೂ ಕೆಲವು ಸಾವಿರ ರೂಪಾಯಿಗಳ ಬಾಬತ್ತು.

ಧಾರಾವಿಯ ಪುನರಾಭಿವೃದ್ಧಿಯ ಕಾಲವಿದು. ಯಾವ ಗಾಲೆ ಎಲ್ಲಿ ಉಳಿಯುತ್ತದೋ, ಯಾರು ಎಲ್ಲಿಗೆ ಹೋಗುತ್ತಾರೋ ಎಂಬ ಚಿಂತೆ ಅಲ್ಲಿಯ ಕುಶಲಕರ್ಮಿಗಳನ್ನು ಕಾಡುತ್ತಿದೆ. ಪೆಟ್ಟಿಗೆಯನ್ನು ಎತ್ತಿಕೊಂಡು ಎಲ್ಲಿಗಾದರೂ ಹೋಗಬಹುದು. ತೊಗಟೆಯ ಹದವನ್ನೂ ನೀರಿನ ಹದವನ್ನೂ ಅರಿತ ಕೈಗಳು ಚದುರಿ ಹೋದರೆ ಮತ್ತೆ ಕೂಡಿಸುವುದು ಕಷ್ಟ. ನಮ್ಮ ಸಂಘ-ಸಂಸ್ಥೆಗಳು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಯಕ್ಷಗಾನ, ಚಿತ್ರಕಲೆಯ ಶಿಬಿರಗಳನ್ನು ನಡೆಸುತ್ತಿರುವುದು ಸ್ತುತ್ಯರ್ಹ. ಅವುಗಳೊಂದಿಗೆ ಒಂದು ದಿನ ಇಂಥ ಕುಶಲಕರ್ಮಿಯೊಬ್ಬರನ್ನು ಕರೆಸಿ, ಒಂದು ಕನ್ನಡಕದ ಡಬ್ಬಿಯನ್ನಾದರೂ ಮಕ್ಕಳ ಕೈಯಿಂದ ಮಾಡಿಸಿದರೆ ಹೇಗೆ? ಕಕ್ಕಯ್ಯನವರ ಹೆಸರಿನ ರಸ್ತೆಗೆ ಹೋಗಿ ಕರೆಯುವುದಷ್ಟೇ ಬಾಕಿ. ಪಂಪು ಒದಗಿಸಲು ನಮ್ಮ ಮೆಕ್ಯಾನಿಕ್ ಸದಸ್ಯರು ಸಿದ್ಧರಿದ್ದಾರೆ. ನೀರು ಹಿಡಿಯುವ ಜಾಡಿಯನ್ನು ಮರೆಯಬಾರದು ಎಂಬುದೊಂದೇ ಅವರ ಷರತ್ತು.